ಒಂದು ಮಗ್ಗುಲಿಗೆ ವಾಲಿದ ಕಾರು: ಬೆಂಗಳೂರು ದಂಡಿನ ಕಮಾನು ಕೆಲಸದ ಹಿನ್ನೆಲೆ

1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಬ್ರಿಟಿಷರ ದಂಡು ನೆಲೆಗೊಂಡ ಮೇಲೆ, ತೋಪುಗಾಡಿ, ಸಾಮಾನು ಬಂಡಿ, ಅಧಿಕಾರಿಗಳ ಸಾರೋಟು ಇವೆಲ್ಲವುಗಳಿಗೆ ಚಕ್ರ ಕಟ್ಟುವ, ಲಾಳ ಹೊಡೆಯುವ, ಕಬ್ಬಿಣ ಬಡಿಯುವ ಕಸುಬುದಾರರು ಅದರ ಬೆನ್ನಿಗೇ ಬೇಕಾದರು. ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಈಗ ಕಾಮರಾಜ ರಸ್ತೆಯೆನಿಸಿಕೊಂಡಿರುವ ಹಿಂದಿನ ಕ್ಯಾವಲ್ರಿ ರಸ್ತೆ ಈ ಹೆಸರುಗಳು ಪಡೆಯ ವಿಂಗಡಣೆಯನ್ನು ಈಗಲೂ ಹೇಳುತ್ತವೆ. ಪಡೆಯ ಬಂಡಿಗಳನ್ನು ರಿಪೇರಿ ಮಾಡಿದವರ ಹೆಸರಿನಲ್ಲಿ ಮಾತ್ರ ರಸ್ತೆಗಳಿಲ್ಲ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಬಿಲ್ಲಿನಂತೆ ಬಾಗಿಸಿ, ನಡುವೆ ಬೋಲ್ಟು ಹಾಕಿ ಬಿಗಿದ ಕಮಾನು ಇಂಗ್ಲೆಂಡಿನ ಸಾರೋಟುಗಳಲ್ಲಿ 19ನೇ ಶತಮಾನದ ಆರಂಭದಿಂದ ಬಳಕೆಗೆ ಬಂದು, ಮುಂದೆ ಜಟಕಾಗಳಿಗೂ ಇಳಿಯಿತು. ಮೋಟಾರು ಕಾರು ಬಂದಾಗ ಅದರ ಎಂಜಿನ್ ಮತ್ತು ವಿದ್ಯುತ್ ಭಾಗಗಳು ಇಲ್ಲಿನ ಕುಲುಮೆಗೆ ಹೊಸದಾಗಿದ್ದವು. ಅಡಿಯಲ್ಲಿದ್ದ ಕಮಾನು ಹಾಗಿರಲಿಲ್ಲ.

ಬೆಂಗಳೂರು ಕಾರು ತಯಾರಿಸುವ ಊರಾಗುವ ಅವಕಾಶವೂ ಒಮ್ಮೆ ಇತ್ತು. ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲಿ ಮೋಟಾರು ಕಾರ್ಖಾನೆಗಾಗಿ ಪಟ್ಟುಬಿಡದೆ ಪ್ರಯತ್ನಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೈಸೂರು ಸರ್ಕಾರವೂ ಒಲವು ತೋರಿತು. ಆದರೆ ಆಗಿನ ಭಾರತ ಸರ್ಕಾರದ ಬೆಂಬಲ ಸಿಗದೆ ಯೋಜನೆ ಬಿದ್ದುಹೋಯಿತು. 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದ್ ನಗರದ ಪೂರ್ವಕ್ಕೆ ವಿಮಾನ ಕಾರ್ಖಾನೆಯನ್ನು ತಂದರು, ಕಾರಿನ ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು. ಹೀಗೆ ನಗರದ ಪೂರ್ವಭಾಗಕ್ಕೆ ದಕ್ಕಿದ್ದು ಬೇರೆಡೆ ತಯಾರಾದ ಕಾರುಗಳನ್ನು ನಡೆಸಿಕೊಂಡು ಹೋಗುವ ಕೆಲಸ. 1950ರ ದಶಕದಲ್ಲಿ ಆಮದಿನ ಮೇಲೆ ನಿರ್ಬಂಧ ಬಿಗಿಯಾಗಿ, ಭಾರತದಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು ಆ ಕೆಲಸ ನಿಲ್ಲಿಸಿದ ಮೇಲೆ, ರಸ್ತೆಯಲ್ಲಿದ್ದ ವಿದೇಶಿ ಕಾರುಗಳ ಬಿಡಿಭಾಗಗಳಿಗೆ ಬರ ಬಂತು. ಶಿವಾಜಿನಗರದ, ಅಂದರೆ ಹಳೆಯ ಬ್ಲಾಕ್‌ಪಲ್ಲಿಯ, ಗುಜರಿ ಓಣಿಗಳ ಮಹತ್ವವನ್ನು ಈ ಹಿನ್ನೆಲೆಯಲ್ಲೇ ಅಳೆಯಬೇಕು: ಹಳೆಯ ಗಾಡಿಗಳನ್ನು ಬಿಚ್ಚಿ ಭಾಗಭಾಗವಾಗಿ ಮಾರುವ ಈ ವ್ಯಾಪಾರವನ್ನು ನಗರಾಡಳಿತ ಪದೇಪದೇ ಫುಟ್‌ಪಾತಿನ ತೊಂದರೆಯೆಂದಷ್ಟೇ ಕಂಡಿದ್ದರೂ, ಹೊಸ ಭಾಗ ಸಿಗದ ಕಾಲಕ್ಕೆ ಅದೇ ಉಗ್ರಾಣವಾಗಿತ್ತು.

ಆ ಉಗ್ರಾಣದಿಂದ ಬಂದ ಕಮಾನಿನಿಂದಲೇ ಹೊಸ ದೋಷ ಹುಟ್ಟುವುದೂ ಉಂಟು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಚಾಲಕನೂ ಪೆಟ್ರೋಲ್ ಟ್ಯಾಂಕೂ ಎಡಬದಿಯಲ್ಲಿದ್ದುದರಿಂದ ಮುಂದಿನ ಎಡ ಮತ್ತು ಬಲ ಕಮಾನುಗಳು ಒಂದೇ ಬಿಗಿತದವಾಗಿರಲಿಲ್ಲ. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಇವನ್ನು ಅದಲುಬದಲು ಹಾಕಿದರೆ ಗಾಡಿ ವಾಲುವುದು ಖಂಡಿತ. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಿ ಹಿಂದಿನ ಎರಡು ಚಕ್ರಗಳಿಗೂ ಸೇರಿ ಅಡ್ಡಲಾಗಿ ಒಂದೇ ಕಮಾನಿದೆ. ಅದನ್ನು ಬಿಚ್ಚಿ ಎಡಬಲ ತಿರುಗಿಸಿ ಕೂರಿಸಿದಾಗ ವಾಲುವಿಕೆಯೂ ಬದಿ ಬದಲಿಸಿದರೆ ಕಮಾನೇ ತಪ್ಪಿತಸ್ಥ ಎಂದರ್ಥ. ಇಷ್ಟು ನೇರವಾದ ಪರೀಕ್ಷೆ ಬೇರೆ ಕಾರುಗಳಲ್ಲಿ ಸಿಗುವುದು ಅಪರೂಪ.

ಉಳಿದ ಕಾರುಗಳಲ್ಲಿ ದೋಷ ಹುಡುಕುವುದಕ್ಕೆ ಒಂದು ಕ್ರಮ ಬೇಕು, ಆ ಕ್ರಮ ಆರಂಭವಾಗುವುದು ನೆಲದಿಂದ. ನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಕೊಡುವುದರಿಂದ, ಎಡಬದಿಯಲ್ಲಿ ನಿಂತ ಯಾವ ಕಾರೂ ಸ್ವಲ್ಪ ಎಡಕ್ಕೆ ವಾಲಿಯೇ ಕಾಣುತ್ತದೆ. ಆದ್ದರಿಂದ ಸಮತಟ್ಟಾದ ಜಾಗ, ನಾಲ್ಕು ಟೈರಿಗೂ ಸರಿಯಾದ ಗಾಳಿ, ಖಾಲಿ ಡಿಕ್ಕಿ ಇವಿಲ್ಲದೆ ಅಳತೆಗೆ ಬೆಲೆಯಿಲ್ಲ. ಗಾಡಿಯನ್ನು ಒಂದೆರಡು ಸಲ ಅದುಮಿ, ಹಿಂದೆಮುಂದೆ ಉರುಳಿಸಿ, ತಾನಾಗಿ ನಿಂತ ಮೇಲೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಮೂಲೆಗಳಲ್ಲಿ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ, ನಡುಬಿಂದುವಿನಿಂದ ಅಳೆದರೆ ಸೇರುವುದಿಲ್ಲ. ಇನ್ನೂ ಒಂದು ಮೋಸವಿದೆ: ಹಳೆಯ ಕಾರಿನ ಮಡ್‌ಗಾರ್ಡು ಎಂದೋ ಗುದ್ದಿಸಿಕೊಂಡು ಟಿಂಕರಿಂಗ್ ಆಗಿದ್ದರೆ ಅದರ ಅಂಚನ್ನೇ ನಂಬುವಂತಿಲ್ಲ, ಆಗ ಆಕ್ಸಲ್‌ನಿಂದ ಅದರ ನೇರ ಮೇಲಿನ ಚಾಸಿಯವರೆಗಿನ ಅಂತರವನ್ನೂ ಹೋಲಿಸಬೇಕು. ಎಡಬಲಗಳ ನಡುವೆ ಅರ್ಧ ಇಂಚಿನೊಳಗಿನ ವ್ಯತ್ಯಾಸವಿದ್ದರೆ ಅನುಭವಿ ಮೆಕ್ಯಾನಿಕ್ ಸಾಮಾನ್ಯವಾಗಿ ಗಾಡಿಯನ್ನು ಹಾಗೇ ಬಿಟ್ಟುಬಿಡುತ್ತಾನೆ.

ಮುಂದಿನ ಪ್ರಶ್ನೆ, ದೋಷ ಮುಂದಿನದೋ ಹಿಂದಿನದೋ ಎಂಬುದು. ಹಿಂದಿನ ಬಲಗಡೆಯ ಒಂದು ಕಮಾನು ಬಾಗು ಕಳೆದುಕೊಂಡು ಕೂತರೆ ಇಡೀ ಬಾಡಿ ಬಲಕ್ಕೆ ವಾಲಿ ಮುಂದಿನ ಬಲಮೂಲೆಯನ್ನೂ ಕೆಳಗೆ ತಳ್ಳುವುದರಿಂದ, ಕಾಣುವ ಜಾಗದಲ್ಲೇ ಕಾರಣವಿರಬೇಕೆಂದಿಲ್ಲ. ಇದಕ್ಕೆ ಮುಂಭಾಗದ ಅಡ್ಡತೊಲೆಯ ಸರಿನಡುವೆ ಒಂದೇ ಜಾಕ್ ಕೊಟ್ಟು ಮುಂದಿನ ಚಕ್ರಗಳನ್ನು ನೆಲದಿಂದ ಎತ್ತುತ್ತಾರೆ. ಮುಂಭಾಗ ಹೀಗೆ ಒಂದೇ ಬಿಂದುವಿನ ಮೇಲೆ ನಿಂತಾಗ ಎಡಬಲದ ವಾಲುವಿಕೆಯನ್ನು ನಿರ್ಧರಿಸುವುದು ಹಿಂದಿನ ಕಮಾನುಗಳು ಮಾತ್ರ. ಆಗಲೂ ಗಾಡಿ ವಾಲಿಯೇ ಇದ್ದರೆ ಹಿಂದೆ ನೋಡಬೇಕು, ನೆಟ್ಟಗಾದರೆ ಮುಂದೆ. ಯಂತ್ರವಿಲ್ಲದೆ, ಜಾಕ್ ಮತ್ತು ಟೇಪಿನಿಂದಲೇ ಆಗುವ ಈ ಪರೀಕ್ಷೆಯನ್ನು ಬಿಟ್ಟು ಕಮಾನು ಬಿಚ್ಚಿದವರು ಕೂಲಿಯನ್ನು ಎರಡು ಸಲ ಕೊಟ್ಟದ್ದೇ ಹೆಚ್ಚು.

ಬಿಚ್ಚಿದ ಕಮಾನಿನ ತನಿಖೆ ಸರಳ. ಉದ್ದದ ಮೇಲಿನ ಪಟ್ಟಿಯ ಎರಡು ತುದಿಗಳನ್ನೂ ಸುರುಳಿ ಸುತ್ತಿ ಮಾಡಿದ ಕಣ್ಣುಗಳ ನಡುವೆ ದಾರ ಎಳೆದು, ದಾರದಿಂದ ನಡುಪಟ್ಟಿಯವರೆಗಿನ ಆಳವನ್ನು ಸ್ಕೇಲಿನಲ್ಲಿ ಅಳೆದು, ಜೊತೆಯ ಕಮಾನಿನೊಂದಿಗೆ ಹೋಲಿಸಿದರೆ ಯಾವುದು ಎಷ್ಟು ಕೂತಿದೆಯೆಂಬುದು ತಿಳಿಯುತ್ತದೆ. ಪಟ್ಟಿಗಳ ನಡುವಿನ ತುಕ್ಕು, ಸವೆದ ಬುಶ್, ತುಂಡಾದ ನಡುಬೋಲ್ಟು ಇವೂ ಆಗಲೇ ಬಯಲಾಗುತ್ತವೆ. ಕೂತ ಪಟ್ಟಿಗೆ ಬಾಗು ಮರಳಿ ಕೊಡುವುದರಲ್ಲೇ ಕೆಲಸದ ಮರ್ಯಾದೆ ಇರುವುದು: ತಣ್ಣಗಿರುವಾಗಲೇ ಸುತ್ತಿಗೆಯಿಂದ ಬಡಿದು ಬಾಗಿಸಿದ ಪಟ್ಟಿ ಬೇಗನೆ ಮತ್ತೆ ಕೂರುತ್ತದೆ, ಕೆಂಪಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಮತ್ತೆ ಹದವಾಗಿ ಕಾಯಿಸಿ ಆ ಗಡಸನ್ನು ತುಸು ಇಳಿಸಿದಾಗ ಮಾತ್ರ ಅದು ಪುಟಿಯುವ ಗುಣ ಉಳಿಸಿಕೊಳ್ಳುತ್ತದೆ. ಕೊನೆಯ ಹಂತ ತಪ್ಪಿದರೆ ಪಟ್ಟಿ ಗಾಜಿನಂತೆ ಮುರಿಯುತ್ತದೆ. ಎಡದ್ದೊಂದೇ ಕೂತಿದ್ದರೂ ಎರಡನ್ನೂ ಒಟ್ಟಿಗೆ ಬಾಗಿಸುವುದು ಕ್ರಮ, ಏಕೆಂದರೆ ಒಂದೇ ವಯಸ್ಸಿನ ಉಕ್ಕಿನಲ್ಲಿ ಇನ್ನೊಂದರ ಸರದಿ ದೂರವಿರುವುದಿಲ್ಲ.

ಅಂಬಾಸಿಡರ್‌ನ ಮುಂಭಾಗ ಈ ಕುಲುಮೆಯ ವಿದ್ಯೆಗೆ ದಕ್ಕುವಂಥದ್ದಲ್ಲ. ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಆ ವಿನ್ಯಾಸದಲ್ಲಿ ಮುಂದಿನ ಭಾರವನ್ನು ಹೊರುವುದು ಟಾರ್ಷನ್ ಬಾರ್, ಅಂದರೆ ಬಾಗುವ ಬದಲು ತಿರುಚಿಕೊಂಡು ಪ್ರತಿರೋಧ ಒಡ್ಡುವ ಉದ್ದನೆಯ ಉಕ್ಕಿನ ಸರಳು. ಅದರ ತುದಿಯ ಹಲ್ಲುಗಳನ್ನು ಬೇರೆ ಸ್ಥಾನದಲ್ಲಿ ಕೂರಿಸಿ ಎತ್ತರ ಹೊಂದಿಸುತ್ತಾರೆ. ಇಂಥ ಸರಳನ್ನು ಒಂದು ದಿಕ್ಕಿನ ತಿರುಚಿಗೆ ಪಳಗಿಸಿರುವುದರಿಂದ ಎಡದ್ದನ್ನು ಬಲಕ್ಕೆ ಹಾಕಬಾರದು, ಗುಜರಿಯಲ್ಲಿ ಕೊಳ್ಳುವವರು ತುದಿಯ ಗುರುತು ನೋಡಿಯೇ ಕೊಳ್ಳಬೇಕು.

ಈಗ ಈ ವಿದ್ಯೆಯ ಗಿರಾಕಿ ಬದಲಾಗಿದ್ದಾನೆ. ಟ್ಯಾಕ್ಸಿ ಮಾಲೀಕನ ಜಾಗಕ್ಕೆ ಹಳೆಯ ಕಾರನ್ನು ಅಂದಕ್ಕಾಗಿ ಸಾಕುವ ಇಂದಿರಾನಗರದ ಮನೆಗಳು ಬಂದಿವೆ. 50 ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದ ಮೇಲೆ ಅಂಥ ಕಾರಿಗೆ ಕಾಗದದ ಆಧಾರವೂ ಸಿಕ್ಕಿದೆ. ಹೊಸ ಕಮಾನು ಕೊಂಡು ಹಾಕಿಸುವುದೂ ಸುಲಭವಾಗಿದೆ, ಅದರ ಜೊತೆಗೆ ಹೊಸ ತಪ್ಪೊಂದು ಬಂದಿದೆ: ಗಾಡಿಯನ್ನು ಲಿಫ್ಟಿಗೇರಿಸಿ, ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ರಬ್ಬರ್ ಬುಶ್ ಆ ಸ್ಥಿತಿಯಲ್ಲೇ ಕಚ್ಚಿಕೊಂಡು, ಇಳಿಸಿದ ಮೇಲೆ ತಿರುಚಿ ಆ ಮೂಲೆಯನ್ನು ಮೇಲಕ್ಕೆ ಹಿಡಿದುಕೊಳ್ಳುತ್ತದೆ. ವಾಲುತ್ತಿದೆಯೆಂದು ಕಮಾನು ಬದಲಿಸಿದ ಕಾರು ಮತ್ತೆ ವಾಲುವುದು ಹೀಗೆ. ಬೋಲ್ಟು ಸಡಿಲಿಸಿ, ನೆಲದ ಮೇಲೆ ಪೂರ್ತಿ ಭಾರ ಬಿಟ್ಟು ಮತ್ತೆ ಬಿಗಿದರೆ ಅದು ಸರಿಹೋಗುತ್ತದೆ.