ಗ್ಯಾಸ್: ಇದ್ದಿಲಿನಲ್ಲಿ ಹುಟ್ಟಿದ ಮಾತು

ಕಾರವಾರ, ಅಂಕೋಲೆ ಕಡೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ ಹಿರಿಯರ ಬಾಯಲ್ಲಿ ‘ಗ್ಯಾಸ್ ಲೈಟು’ ಇನ್ನೂ ಉಳಿದಿದೆ. ಆ ದೀಪಕ್ಕೆ ಹಾಕುತ್ತಿದ್ದದ್ದು ಸೀಮೆಎಣ್ಣೆ. ಪಂಪು ಹೊಡೆದಷ್ಟೂ ಒತ್ತಡ ಏರಿ, ಎಣ್ಣೆ ಕಾದು ಆವಿಯಾಗಿ, ಬಲೆಚೀಲದಂಥ ಮೇಂಟಲ್ ಬೆಳಗುತ್ತಿತ್ತು. ಹಾಗಿದ್ದರೆ ಗ್ಯಾಸ್ ಎಂಬ ಹೆಸರೇಕೆ? ಆಸ್ಟ್ರಿಯಾದ ಕಾರ್ಲ್ ಔವರ್ 1885ರಲ್ಲಿ ಮೇಂಟಲ್ ರೂಪಿಸಿದ್ದು ಕಲ್ಲಿದ್ದಲಿನ ಗ್ಯಾಸಿನಿಂದ ಉರಿಯುವ ದೀಪಗಳಿಗಾಗಿ. ಮೇಂಟಲ್ ಎಣ್ಣೆದೀಪಕ್ಕೆ ದಾಟಿದಾಗ ಹೆಸರೂ ಜೊತೆಗೆ ಬಂದಿರಬೇಕು.

ಪದದ ಹುಟ್ಟೂ ಇದ್ದಿಲಿನಲ್ಲೇ. ಬ್ರಸೆಲ್ಸಿನ ರಸಾಯನಜ್ಞ ವಾನ್ ಹೆಲ್ಮಾಂಟ್ 62 ಪೌಂಡು ಇದ್ದಿಲು ಸುಟ್ಟರೆ ಒಂದು ಪೌಂಡು ಬೂದಿ ಮಾತ್ರ ಉಳಿಯುತ್ತದೆಂದು ಕಂಡ. ಮಿಕ್ಕದ್ದು ಎಲ್ಲಿ ಹೋಯಿತು? ಪಾತ್ರೆಯಲ್ಲಿ ನಿಲ್ಲದ, ಬಿಗಿದು ಮುಚ್ಚಿದರೆ ಪಾತ್ರೆಯನ್ನೇ ಒಡೆಯುವ ಆ ವಸ್ತುವಿಗೆ, ಗ್ರೀಕರ ‘ಖಾಓಸ್’ (ಆಕಾರವಿಲ್ಲದ ಶೂನ್ಯ) ನೆನೆದು ‘ಗ್ಯಾಸ್’ ಎಂದು ಹೆಸರಿಟ್ಟ. ಅವನ ಬರಹ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1648ರಲ್ಲಿ.

ನಮ್ಮ ಪಠ್ಯಪುಸ್ತಕಗಳು ‘ಅನಿಲ’ವನ್ನು ಆರಿಸಿಕೊಂಡವು. ಕಾವ್ಯದಲ್ಲಿ ಅದು ಬೀಸುವ ಗಾಳಿ, ಭೀಮ ಅನಿಲಸುತ. ಚೆಲುವಾದ ಪದ, ಆದರೆ ಅಡುಗೆಮನೆಗೆ ಇಳಿಯಲಿಲ್ಲ. ಅಲ್ಲಿ ಮುಗಿಯುವುದು ಗ್ಯಾಸೇ.

ಹಿಡಿದಿಡಲಾಗದು ಎಂದು ಹೆಲ್ಮಾಂಟ್ ಬರೆದದ್ದನ್ನು 1930ರ ದಶಕದಲ್ಲಿ ಜರ್ಮನಿಯ ಲುರ್ಗಿ ಕಂಪನಿ ದಪ್ಪ ಉಕ್ಕಿನ ಗ್ಯಾಸಿಫೈಯರಿನೊಳಗೆ, ಒತ್ತಡದಲ್ಲೇ ತಯಾರಿಸತೊಡಗಿತು. ಕೆಂಡವಾದ ಕಲ್ಲಿದ್ದಲಿನ ನಡುವೆ ಆಮ್ಲಜನಕವನ್ನೂ ಉಗಿಯನ್ನೂ ಹಾಯಿಸಿದರೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಏಳುತ್ತವೆ; ಇದೇ ‘ಅನಿಲೀಕರಣ’. ಕೋಕಿಂಗ್ ಕಲ್ಲಿದ್ದಲು ಮಾತ್ರ ಇದಕ್ಕೆ ಸುಲಭವಾಗಿ ಒಗ್ಗದು. ಸುಮಾರು 400 ಡಿಗ್ರಿಯಲ್ಲಿ ಮೆತ್ತಗಾಗಿ, ಉಬ್ಬಿ, ಒಂದಕ್ಕೊಂದು ಅಂಟಿಕೊಂಡು ಉಗಿಯ ದಾರಿಯನ್ನೇ ಕಟ್ಟುತ್ತದೆ; ಒಳಗೆ ಸದಾ ಕಲಕುತ್ತಿರಬೇಕು. ಉಕ್ಕಿನವರಿಗೆ ಬೇಕಾದದ್ದೂ ಇದೇ ಅಂಟುಗುಣ. ಗಟ್ಟಿ ಕೋಕ್ ಆಗುವುದು ಅದರಿಂದಲೇ.

ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ 1999ರಲ್ಲಿ ಬಂದ ಕೋರೆಕ್ಸ್ ಕುಲುಮೆ, ಬಹುಪಾಲು ಕೋಕಿಂಗ್ ಅಲ್ಲದ ಕಲ್ಲಿದ್ದಲಿನಿಂದ ಕಬ್ಬಿಣವನ್ನೂ ಗ್ಯಾಸನ್ನೂ ಒಟ್ಟಿಗೆ ಕೊಟ್ಟಿತು. ಆ ಗ್ಯಾಸಿನಿಂದ ವಿದ್ಯುತ್ತು ತೆಗೆದರು. ಆ ಕಾರ್ಖಾನೆಯನ್ನು ನಡೆಸುವ ಜೆಎಸ್‌ಡಬ್ಲ್ಯು ಸಮೂಹಕ್ಕೆ 2023ರಲ್ಲಿ ಅಂಕೋಲೆಯ ಕೇಣಿಯಲ್ಲಿ ಬಂದರು ಕಟ್ಟುವ ಯೋಜನೆ ದೊರೆತಿದೆ. ಅಲ್ಲಿ ಇಳಿಯಲಿರುವ ಸರಕಿನಲ್ಲಿ ಕಲ್ಲಿದ್ದಲೂ ಇದೆ. ಮೀನುಗಾರರು ವಿರೋಧಿಸಿ ಬೀದಿಗಿಳಿದಿದ್ದಾರೆ. ಆ ಕಲ್ಲಿದ್ದಲು ಎಲ್ಲಿಗೆ ಹೋಗುತ್ತದೆ, ಅದರ ದೂಳು ಎಲ್ಲಿ ಕೂರುತ್ತದೆ ಎಂಬುದನ್ನು ಅವರಿಗೆ ‘ಅನಿಲೀಕರಣ’ದಂಥ ಕಚೇರಿಯ ಮಾತಿನಲ್ಲಿ ಅಲ್ಲ, ಗ್ಯಾಸು, ಮಸಿ, ಬೂದಿ ಎಂಬ ಮನೆಮಾತಿನಲ್ಲೇ ಹೇಳಬೇಕು.