ಧನುರ್ವಾಯುವಿನ ಚರಿತ್ರೆ

ಧನುಸ್ಸು ಎಂದರೆ ಬಿಲ್ಲು. ಹೆದೆಯೇರಿಸಿದ ಬಿಲ್ಲಿನಂತೆ ಮೈಯನ್ನು ಬಾಗಿಸುವ ವ್ಯಾಧಿಗೆ ನಮ್ಮ ಹಿರಿಯರು ಧನುರ್ವಾಯುವೆಂದು ಹೆಸರಿಟ್ಟರು. ಸುಶ್ರುತಸಂಹಿತೆಯು ಇದನ್ನು ಧನುಃಸ್ತಂಭವೆಂದು ಕರೆದು ವಾತವ್ಯಾಧಿಗಳ ಸಾಲಿನಲ್ಲಿ ಸೇರಿಸಿದೆ. ಗ್ರೀಕರ ‘ಟೆಟನಸ್’ ಎಂಬ ಮಾತಿಗೂ ಬಿಗಿತವೆಂದೇ ಅರ್ಥ. ಹಿಪೊಕ್ರೆಟಿಸನ ಹೆಸರಿನ ವೈದ್ಯಗ್ರಂಥಗಳಲ್ಲಿ, ಲಂಗರಿಗೆ ಸಿಕ್ಕಿ ಬೆರಳು ಜಜ್ಜಿಹೋದ ಹಡಗಿನ ಯಜಮಾನನೊಬ್ಬ ಈ ಬೇನೆಯಿಂದ ಮಡಿದ ವೃತ್ತಾಂತವುಂಟು. ಗಂಗೊಳ್ಳಿಯ ಬಂದರನ್ನು ಬಲ್ಲವರಿಗೆ ಅಂಥ ಗಾಯವೇನೂ ಹೊಸದಲ್ಲ.

ಹೀಗೆ ರೋಗದ ರೂಪವನ್ನು ಜಗತ್ತು ಬಹುಕಾಲದಿಂದ ಅರಿತಿತ್ತು. ಕಾರಣವನ್ನು ಮಾತ್ರ ಅರಿತಿರಲಿಲ್ಲ. 1884ರಲ್ಲಿ ಜರ್ಮನಿಯ ನಿಕೊಲೈಯರ್ ಎಂಬಾತನು ತೋಟದ ಮಣ್ಣನ್ನು ಇಲಿ, ಮೊಲ ಮೊದಲಾದ ಪ್ರಾಣಿಗಳ ಚರ್ಮದಡಿಗೆ ಸೇರಿಸಲು ಅವಕ್ಕೆ ಧನುರ್ವಾಯು ಬಂದಿತು. ಶತ್ರು ನಾವು ತುಳಿಯುವ ಮಣ್ಣಿನಲ್ಲಿಯೇ ಇದ್ದಾನೆಂದು ಆಗ ತಿಳಿಯಿತು.

ಅದೇ ವರ್ಷ ಡೆನ್ಮಾರ್ಕಿನ ಗ್ರಾಮ್ ಎಂಬ ವೈದ್ಯನು ಸೂಕ್ಷ್ಮಜೀವಿಗಳಿಗೆ ಬಣ್ಣ ಹಚ್ಚಿ ಗುರುತಿಸುವ ಕ್ರಮವನ್ನು ಪ್ರಕಟಿಸಿದನು. ಮದ್ಯಸಾರದಲ್ಲಿ ತೊಳೆದರೂ ನೇರಳೆ ಬಣ್ಣವನ್ನು ಬಿಡದವು ಒಂದು ಪಂಗಡ. ಇವೇ ಗ್ರಾಮ್ ಪಾಸಿಟಿವ್ ಜೀವಿಗಳು. ಧನುರ್ವಾಯುವಿನ ದಂಡಾಣು ಈ ಪಂಗಡದ್ದು. ಒಂದು ತುದಿಯಲ್ಲಿ ದುಂಡನೆಯ ಬೀಜಕವನ್ನು ಹೊತ್ತು, ಬೆಂಕಿಕಡ್ಡಿಯಂತೆ ಕಾಣುತ್ತದೆ. ಆದರೆ ನಮಗೆ ಪ್ರಾಣವಾಯುವಾದ ಆಮ್ಲಜನಕವೇ ಇದಕ್ಕೆ ವಿಷ! ಆದ್ದರಿಂದ ಇದನ್ನು ಬೇರ್ಪಡಿಸಿ ಬೆಳೆಸುವುದು ದುಸ್ಸಾಧ್ಯವಾಗಿತ್ತು. 1889ರಲ್ಲಿ, ಬರ್ಲಿನ್ನಿನಲ್ಲಿ ಕಾಕ್ ಮಹಾಶಯನ ಬಳಿ ಇದ್ದ ಜಪಾನಿನ ಕಿಟಾಸಾಟೊ ಒಂದು ಉಪಾಯ ಹೂಡಿದನು. ಮಿಶ್ರಣವನ್ನು 80 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದಾಗ ಇತರ ಜೀವಿಗಳು ಸತ್ತು, ಬೀಜಕಗಳು ಮಾತ್ರ ಉಳಿದವು. ಅವನ್ನು ಜಲಜನಕದ ನಡುವೆ ಬೆಳೆಸಿದನು. ಮರುವರ್ಷವೇ ಅವನೂ ಬೇರಿಂಗನೂ ಕೂಡಿ ಈ ವಿಷಕ್ಕೆ ಪ್ರತಿವಿಷವುಂಟೆಂದು ಸಾರಿದರು. ಈ ದಂಡಾಣುವಿನ ದಾಯಾದಿಗಳೂ ಉಂಟು: ಗಾಯವನ್ನು ಕೊಳೆಯಿಸುವ ಗ್ಯಾಸ್ ಗ್ಯಾಂಗ್ರೀನಿನದು 1892ರಲ್ಲಿಯೂ, ಕೆಟ್ಟ ಆಹಾರದಲ್ಲಿ ವಿಷ ಬೆರೆಸುವ ಬಾಟುಲಿಸಮ್ಮಿನದು 1897ರಲ್ಲಿಯೂ ಬೆಳಕಿಗೆ ಬಂದವು.

ಇನ್ನು ನಮ್ಮ ಸೀಮೆಗೆ ಬನ್ನಿ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳದು ಗದ್ದೆ ಹಟ್ಟಿಗಳ ಬಾಳು. ಸೆಗಣಿಗೊಬ್ಬರ ಬೆರೆತ ಮಣ್ಣು ಬೆಳೆಗೆ ಅಮೃತ. ಈ ಬೀಜಕಗಳಿಗೂ ಅದು ತವರು. ಮುಳ್ಳು ಚುಚ್ಚಿದ ಗಾಯದ ಬಾಯಿ ಕೂಡಿಕೊಂಡರೆ ಒಳಗೆ ಗಾಳಿ ಆಡುವುದಿಲ್ಲ. ದಂಡಾಣುವಿಗೆ ಬೇಕಾದುದೂ ಅದೇ.

ಎಲ್ಲಕ್ಕಿಂತ ದಾರುಣವಾದುದು ಹಸುಗೂಸಿನ ಹೊಕ್ಕುಳಿನ ಗಾಯ. ಶುಚಿಯಿಲ್ಲದ ಕತ್ತಿಯಿಂದ ಬಳ್ಳಿಯನ್ನು ಕೊಯ್ದು, ಸೆಗಣಿಯನ್ನೋ ಬೂದಿಯನ್ನೋ ಹಚ್ಚುವ ರೂಢಿ ನಮ್ಮ ದೇಶದ ಅನೇಕ ಕಡೆ ಇತ್ತು. ಚೆನ್ನಾಗಿ ಮೊಲೆಯುಣ್ಣುತ್ತಿದ್ದ ಮಗು ಏಳೆಂಟನೆಯ ದಿನ ದವಡೆ ಬಿಗಿದು, ಬಿಲ್ಲಾಗಿ ಸೆಟೆದು ತೀರಿಹೋಗುತ್ತಿತ್ತು. ಹೆತ್ತವಳು ತನ್ನ ಹಣೆಬರಹವನ್ನು ಹಳಿದುಕೊಳ್ಳುತ್ತಿದ್ದಳು. ಕತ್ತಿಯನ್ನು ಹಳಿಯಬೇಕೆಂದು ಆಕೆಗೆ ಹೇಳುವವರಾರು?

ಗರ್ಭಿಣಿಗೆ ಕೊಟ್ಟ ಚುಚ್ಚುಮದ್ದಿನ ರಕ್ಷೆ ಗರ್ಭದಲ್ಲಿರುವಾಗಲೇ ಕೂಸಿಗೂ ಇಳಿಯುತ್ತದೆ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ, ಶುಚಿಯಾದ ಹೆರಿಗೆ ಇವುಗಳ ಫಲವಾಗಿ 2015ರಲ್ಲಿ ಭಾರತವು ಬಾಣಂತಿ–ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆನಿಸಿತು. ನಿವಾರಣೆಯೆಂದರೆ ಪ್ರತಿ ಜಿಲ್ಲೆಯಲ್ಲಿಯೂ ಸಾವಿರ ಸಜೀವ ಜನನಗಳಿಗೆ ಒಂದಕ್ಕಿಂತ ಕಡಿಮೆ ಶಿಶುಗಳಲ್ಲಿ ಈ ರೋಗ ಕಾಣುವುದು, ಬೇರುಸಹಿತ ಕಿತ್ತಂತಲ್ಲ.

ಸಿಡುಬನ್ನು ಲೋಕದಿಂದಲೇ ಓಡಿಸಿದೆವು. ಮಣ್ಣಿನಲ್ಲಿರುವುದನ್ನು ಎಲ್ಲಿಗೆ ಓಡಿಸುವುದು? ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ಆದುದರಿಂದ ನೆರೆಮನೆಯವನ ಚುಚ್ಚುಮದ್ದು ನಿಮ್ಮನ್ನು ಕಾಯದು. ಒಮ್ಮೆ ಬಂದು ಗುಣವಾದರೂ ಮತ್ತೆ ಬಾರದೆಂಬ ಭರವಸೆಯಿಲ್ಲ. ಕಾಲಿಗೆ ಮೊಳೆ ಚುಚ್ಚಿದಾಗ ಗಾಯವನ್ನು ಚೆನ್ನಾಗಿ ತೊಳೆದು ಆಸ್ಪತ್ರೆಯ ಮೆಟ್ಟಿಲು ಹತ್ತಿರಿ. ಮನೆಯ ಮಕ್ಕಳಿಗೆ ಹತ್ತನೆಯ ಮತ್ತು ಹದಿನಾರನೆಯ ವರ್ಷದ ಚುಚ್ಚುಮದ್ದನ್ನು ಮರೆಯದೆ ಹಾಕಿಸಿರಿ.