ಮೋಟೋಕ್ರಾಸ್ ಪಂದ್ಯ ಮತ್ತು ದೂರದರ್ಶನದ ಕ್ಯಾಮೆರಾ: ಒಂದು ಐತಿಹಾಸಿಕ ವಿವೇಚನೆ

ಇತಿಹಾಸಕಾರನಿಗೆ ಆಧಾರವೆಂದರೆ ಶಾಸನ, ಕಡತ, ದಿನಚರಿ, ಪ್ರವಾಸಿಗರ ಬರಹ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧವನ್ನು ಕುರಿತು ಬರೆಯಹೊರಟವನಿಗೆ ಇವುಗಳ ಜೊತೆಗೆ ಚಲಿಸುವ ಚಿತ್ರವೂ ಆಧಾರವಾಗಿ ಒದಗುತ್ತದೆ. ಶಾಸನವನ್ನು ಓದುವಾಗ ಅದನ್ನು ಬರೆಯಿಸಿದವರು ಯಾರು, ಯಾವ ಉದ್ದೇಶದಿಂದ ಬರೆಯಿಸಿದರು ಎಂದು ಕೇಳುವ ನಾವು, ಚಿತ್ರವನ್ನು ನೋಡುವಾಗ ಮಾತ್ರ ಕಣ್ಣಾರೆ ಕಂಡೆವೆಂದು ಸುಮ್ಮನಾಗುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಮೋಟೋಕ್ರಾಸ್ ಎಂಬ ಮೋಟಾರ್‌ಸೈಕಲ್ ಪಂದ್ಯದ ಉದಾಹರಣೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ವಿಷಯ ಲಘುವಾದುದೆಂದು ತೋರಬಹುದು. ಅದು ಎತ್ತುವ ಪ್ರಶ್ನೆ ಲಘುವಾದುದಲ್ಲ.

ಈ ಕ್ರೀಡೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ೧೯೨೪ರ ಮಾರ್ಚ್ ೨೯ರಂದು ಸರೆ ಪ್ರಾಂತದ ಕ್ಯಾಂಬರ್ಲಿಯಲ್ಲಿ ನಡೆದ ಪಂದ್ಯವನ್ನು ಇದರ ಮೊದಲೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮಣ್ಣು, ಕೆಸರು, ಏರಿಳಿತಗಳಿಂದ ಕೂಡಿದ ಪಥದಲ್ಲಿ ಯಾರು ಮೊದಲು ಗುರಿ ಸೇರುವರೋ ಅವರೇ ಗೆದ್ದವರು. ಇಂಗ್ಲಿಷರು ಇದನ್ನು ‘ಸ್ಕ್ರಾಂಬಲ್’ ಎಂದು ಕರೆದರು. ‘ಮೋಟೋಕ್ರಾಸ್’ ಎಂಬುದು ಯುರೋಪ್ ಖಂಡದಲ್ಲಿ ರೂಢಿಗೆ ಬಂದ ಹೆಸರು. ೧೯೪೭ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ರಾಷ್ಟ್ರತಂಡಗಳ ಪಂದ್ಯ ಮೊದಲಾಯಿತು. ೧೯೫೨ರಲ್ಲಿ ೫೦೦ ಸಿ.ಸಿ. ವರ್ಗಕ್ಕೆ ಯುರೋಪಿಯನ್ ಚಾಂಪಿಯನ್‌ಷಿಪ್ ಏರ್ಪಟ್ಟು, ೧೯೫೭ರಲ್ಲಿ ಅದು ವಿಶ್ವ ಚಾಂಪಿಯನ್‌ಷಿಪ್ ಎನಿಸಿತು. ಆದರೂ ಬಹುಕಾಲ ಇದು ಹಳ್ಳಿಗಾಡಿನ ದಿಬ್ಬಗಳ ಮೇಲೆ ನಿಂತು ನೋಡುವವರ ಆಟವಾಗಿಯೇ ಉಳಿದಿದ್ದಿತು.

ಅದನ್ನು ಮನೆಮನೆಗೆ ತಂದದ್ದು ದೂರದರ್ಶನ. ಬಿ.ಬಿ.ಸಿ.ಯ ‘ಗ್ರಾಂಡ್‌ಸ್ಟಾಂಡ್’ ಎಂಬ ಶನಿವಾರದ ಕ್ರೀಡಾ ಕಾರ್ಯಕ್ರಮ ೧೯೫೮ರ ಅಕ್ಟೋಬರ್ ೧೧ರಂದು ಆರಂಭವಾಯಿತು. ಹಲವು ಗಂಟೆಗಳ ಆ ಕಾರ್ಯಕ್ರಮವನ್ನು ಚಳಿಗಾಲದಲ್ಲಿ ತುಂಬಿಸುವುದು ಸುಲಭವಾಗಿರಲಿಲ್ಲ. ಲೀಗ್ ಫುಟ್‌ಬಾಲ್ ಪಂದ್ಯಗಳನ್ನು ನೇರವಾಗಿ ತೋರಿಸಲು ಅವಕಾಶವಿರಲಿಲ್ಲ. ಮಂಜು ಕವಿದರೆ ಕುದುರೆ ಪಂದ್ಯಗಳೂ ನಿಲ್ಲುತ್ತಿದ್ದವು. ೧೯೬೨–೬೩ರ ಕಡುಚಳಿಯಲ್ಲಿ ವಾರಗಟ್ಟಲೆ ಫುಟ್‌ಬಾಲ್ ಪಂದ್ಯಗಳು ರದ್ದಾದವು. ಹಿಮವಾಗಲಿ ಕೆಸರಾಗಲಿ ಸ್ಕ್ರಾಂಬಲ್‌ಗೆ ಅಡ್ಡಿಯಲ್ಲ. ಕೆಸರು ಹೆಚ್ಚಿದಷ್ಟೂ ನೋಟ ಹೆಚ್ಚು. ಹೀಗೆ ಆ ದಶಕದಲ್ಲಿ ಬಿ.ಬಿ.ಸಿ., ಐ.ಟಿ.ವಿ. ಎರಡೂ ಈ ಪಂದ್ಯಗಳನ್ನು ಪ್ರಸಾರ ಮಾಡಿದವು. ೧೯೬೪ ಮತ್ತು ೧೯೬೫ರಲ್ಲಿ ಬಿ.ಎಸ್.ಎ. ವಾಹನದ ಮೇಲೆ ವಿಶ್ವ ಚಾಂಪಿಯನ್ ಆದ ಜೆಫ್ ಸ್ಮಿತ್, ೧೯೬೦ ಮತ್ತು ೧೯೬೧ರಲ್ಲಿ ೨೫೦ ಸಿ.ಸಿ. ವರ್ಗದ ಯುರೋಪಿಯನ್ ಚಾಂಪಿಯನ್ ಆಗಿದ್ದ ಡೇವ್ ಬಿಕರ್ಸ್ ಮೊದಲಾದವರು, ಮೋಟಾರ್‌ಸೈಕಲನ್ನು ಎಂದೂ ಏರದವರಿಗೂ ಪರಿಚಿತರಾದರು.

ಇಲ್ಲಿ ಕ್ಯಾಮೆರಾದ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಂದಿನ ಹೊರಾಂಗಣ ಪ್ರಸಾರದ ಕ್ಯಾಮೆರಾಗಳು ಭಾರವಾದವು. ದಪ್ಪ ಕೇಬಲ್‌ಗಳಿಂದ ಪ್ರಸಾರದ ವಾಹನಕ್ಕೆ ಬಿಗಿಯಲ್ಪಟ್ಟವು. ಬೇಕೆಂದಲ್ಲಿಗೆ ಅವನ್ನು ಕೊಂಡೊಯ್ಯುವಂತಿರಲಿಲ್ಲ. ಆದುದರಿಂದ ಪಥದ ಕೆಲವು ಭಾಗಗಳು ಮಾತ್ರ ಚಿತ್ರಕ್ಕೆ ಸಿಕ್ಕುತ್ತಿದ್ದವು. ಮಿಕ್ಕ ಭಾಗಗಳಲ್ಲಿ ನಡೆದುದು ನೋಡುವವನ ಪಾಲಿಗೆ ನಡೆಯದಂತೆಯೇ ಸರಿ.

ಎರಡನೆಯದು ಮಸೂರದ ಪ್ರಭಾವ. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಹೋಗುವ ಇಬ್ಬರು ಸವಾರರ ನಡುವೆ ಒಂದು ಸೆಕೆಂಡಿನ ಅಂತರವಿದೆಯೆಂದು ಭಾವಿಸೋಣ. ನೆಲದ ಮೇಲೆ ಅದು ಸುಮಾರು ೧೪ ಮೀಟರ್. ಮುಂದಿನವನು ಕ್ಯಾಮೆರಾದಿಂದ ೧೦ ಮೀಟರ್ ದೂರದಲ್ಲಿದ್ದರೆ, ಹಿಂದಿನವನು ಅವನ ಅರ್ಧದಷ್ಟೂ ದೊಡ್ಡದಾಗಿ ಕಾಣನು, ಅಂತರ ಸ್ಪಷ್ಟವಾಗಿರುತ್ತದೆ. ಕ್ಯಾಮೆರಾ ೨೦೦ ಮೀಟರ್ ದೂರದಲ್ಲಿ ಎದುರಿಗೆ ನಿಂತು, ದೂರದ ವಸ್ತುವನ್ನು ದೊಡ್ಡದು ಮಾಡಿ ತೋರಿಸುವ ಟೆಲಿಫೋಟೊ ಮಸೂರವನ್ನು ಬಳಸಿದರೆ, ಇಬ್ಬರ ಗಾತ್ರದಲ್ಲಿ ನೂರಕ್ಕೆ ಏಳರಷ್ಟು ಮಾತ್ರ ವ್ಯತ್ಯಾಸ. ಹಿಂದಿನವನು ಮುಂದಿನವನ ಹೆಗಲಿಗೇ ಹತ್ತಿದಂತೆ ತೋರುತ್ತಾನೆ. ಗಡಿಯಾರ ಹೇಳುವ ಪಂದ್ಯ ಒಂದು, ಮಸೂರ ಹೇಳುವ ಪಂದ್ಯ ಇನ್ನೊಂದು.

ವೇಗದ ಮಾತೂ ಹಾಗೆಯೇ. ಪಥದಿಂದ ೫ ಮೀಟರ್ ದೂರದಲ್ಲಿರುವ ಕ್ಯಾಮೆರಾ, ೧೦೦ ಮೀಟರ್ ದೂರದಲ್ಲಿರುವುದಕ್ಕಿಂತ ಇಪ್ಪತ್ತು ಪಟ್ಟು ಬೇಗನೆ ತಿರುಗಿದರೆ ಮಾತ್ರ ಎದುರಿಗೆ ಹಾದುಹೋಗುವ ಸವಾರನನ್ನು ಹಿಡಿಯಬಲ್ಲುದು. ಹಿನ್ನೆಲೆ ಕರಗಿ ಗೆರೆಗಳಾಗುತ್ತದೆ. ವಾಹನ ಹಾರಿಹೋದಂತೆ ಕಾಣುತ್ತದೆ. ಎತ್ತರದ ಅಟ್ಟಣೆಯಿಂದ ನೋಡಿದರೆ ಅದೇ ಸವಾರ ನಿಧಾನವಾಗಿ ತೆವಳುವನು. ಅಷ್ಟೇ ಅಲ್ಲ, ಅಟ್ಟಣೆಯ ಕ್ಯಾಮೆರಾ ಗುಡ್ಡಗಳನ್ನು ಚಪ್ಪಟೆ ಮಾಡುತ್ತದೆ. ಷ್ರಾಪ್‌ಷೈರ್‌ನ ಹಾಕ್‌ಸ್ಟೋನ್ ಪಾರ್ಕ್ ಪಥದ ದಿಬ್ಬ ತನ್ನ ಕಡಿದಾದ ಏರಿನಿಂದಲೇ ಪ್ರಸಿದ್ಧವಾದುದು. ಅಂತಹ ಏರು ಮೇಲಿನಿಂದ ತೆಗೆದ ಚಿತ್ರದಲ್ಲಿ ಸಾಧಾರಣ ಇಳಿಜಾರಿನಂತೆ ತೋರಿದರೆ ಆಶ್ಚರ್ಯವಿಲ್ಲ. ಇದಕ್ಕೆ ವಿರುದ್ಧವಾಗಿ, ಜಿಗಿತದ ಬುಡದಲ್ಲಿ ನೆಲಮಟ್ಟಕ್ಕೆ ಇಟ್ಟ ಕ್ಯಾಮೆರಾ ಮೂರಡಿ ಎತ್ತರದ ನೆಗೆತವನ್ನೂ ಆಕಾಶಕ್ಕೆ ಏರಿಸುತ್ತದೆ.

ಕಪ್ಪು ಬಿಳುಪಿನ, ೪೦೫ ಗೆರೆಗಳ ಚಿತ್ರದಲ್ಲಿ ಕೆಸರು ಮೆತ್ತಿದ ಸವಾರರ ಸಂಖ್ಯೆಗಳು ಕಾಣುವುದು ಕಷ್ಟ. ಒಬ್ಬನಿಂದ ಇನ್ನೊಬ್ಬನನ್ನು ಬೇರ್ಪಡಿಸುವುದೂ ಕಷ್ಟ. ಈ ಕೊರತೆಯನ್ನು ತುಂಬಿದುದು ವೀಕ್ಷಕ ವಿವರಣೆ. ಮೊದಲು ಐ.ಟಿ.ವಿ.ಗೂ ಅನಂತರ ಬಿ.ಬಿ.ಸಿ.ಗೂ ಈ ಪಂದ್ಯಗಳ ವಿವರಣೆ ನೀಡಿದ ಮರ್ರೆ ವಾಕರ್ ಅವರ ಆವೇಶದ ಧ್ವನಿ ಚಿತ್ರದಲ್ಲಿಲ್ಲದ ಅರ್ಥವನ್ನು ಚಿತ್ರಕ್ಕೆ ಕೊಟ್ಟಿತು. ಕಂಡ ಉತ್ಸಾಹದಲ್ಲಿ ಕೇಳಿದ ಉತ್ಸಾಹವೆಷ್ಟೆಂದು ಬಿಡಿಸಿ ಹೇಳುವುದು ಇಂದಿಗೂ ಕಷ್ಟ.

ಮುಂದಿನ ಬದಲಾವಣೆ ಕಾಲಕ್ಕೆ ಸಂಬಂಧಿಸಿದುದು. ೧೯೬೩ರ ಡಿಸೆಂಬರ್ ೭ರಂದು ಅಮೆರಿಕದ ಸಿ.ಬಿ.ಎಸ್. ಸಂಸ್ಥೆ ಸೈನ್ಯ–ನೌಕಾದಳಗಳ ಫುಟ್‌ಬಾಲ್ ಪಂದ್ಯದಲ್ಲಿ ಆಗತಾನೆ ನಡೆದ ಆಟವನ್ನು ಒಡನೆಯೇ ಮರಳಿ ತೋರಿಸಿತು. ೧೯೬೭ರ ಹೊತ್ತಿಗೆ ಆಂಪೆಕ್ಸ್ ಸಂಸ್ಥೆಯ ಕಾಂತೀಯ ತಟ್ಟೆಯ ಯಂತ್ರದಿಂದ ಅದನ್ನು ನಿಧಾನಗತಿಯಲ್ಲಿ ತೋರಿಸುವುದೂ ಸಾಧ್ಯವಾಯಿತು. ೧೯೭೧ರಲ್ಲಿ ಬ್ರೂಸ್ ಬ್ರೌನ್ ತಯಾರಿಸಿದ ‘ಆನ್ ಎನಿ ಸಂಡೆ’ ಎಂಬ ಚಲನಚಿತ್ರ ನಿಧಾನಗತಿಯನ್ನೂ ಸವಾರನ ಶಿರಸ್ತ್ರಾಣಕ್ಕೆ ಕಟ್ಟಿದ ಕ್ಯಾಮೆರಾವನ್ನೂ ಬಳಸಿ ಅಪಾರ ಜನಪ್ರಿಯತೆ ಗಳಿಸಿತು. ನಿಧಾನಗತಿಯಲ್ಲಿ ಬೀಳುವ ಸವಾರನಿಗೆ ನೋವಾಗುವಂತೆ ಕಾಣುವುದಿಲ್ಲ. ಅವನ ಬೀಳುವಿಕೆ ಒಂದು ನೃತ್ಯಭಂಗಿಯಂತೆ ತೋರುತ್ತದೆ. ಅಪಾಯವನ್ನು ಸೌಂದರ್ಯವಾಗಿಸುವ ಈ ಗುಣ ಗಂಭೀರ ವಿಚಾರಕ್ಕೆ ಅರ್ಹವಾದುದು. ಮುರಿದ ಎಲುಬಿನ ಬೆಲೆಯನ್ನು ತೆರುವವನು ಸವಾರ. ಆ ಕ್ಷಣವನ್ನು ಮತ್ತೆ ಮತ್ತೆ ನೋಡಿ ಸವಿಯುವವರು ನಾವು.

ಪಂದ್ಯದ ರೂಪವೂ ಬದಲಾಯಿತು. ೧೯೭೨ರ ಜುಲೈ ೮ರಂದು ಲಾಸ್ ಏಂಜಲೀಸ್‌ನ ಕೊಲಿಸಿಯಮ್ ಕ್ರೀಡಾಂಗಣದೊಳಗೆ ಮಣ್ಣು ಸುರಿದು ಕೃತಕ ಪಥವನ್ನು ನಿರ್ಮಿಸಲಾಯಿತು. ೧೬ ವರ್ಷದ ಮಾರ್ಟಿ ಟ್ರೈಪ್ಸ್ ಅಲ್ಲಿ ಗೆದ್ದನು. ‘ಸೂಪರ್‌ಕ್ರಾಸ್’ ಎಂಬ ಬೇರೆಯೇ ಪ್ರಕಾರ ಅಲ್ಲಿಂದ ಬೆಳೆಯಿತು. ಇದು ಕ್ಯಾಮೆರಾಗಾಗಿಯೇ ನಡೆದುದೆನ್ನುವುದು ಅತಿಶಯೋಕ್ತಿಯಾದೀತು. ಚೀಟಿ ಕೊಂಡು ಬರುವ ಪ್ರೇಕ್ಷಕರೇ ಇದರ ಮೊದಲ ಗುರಿ. ಆದರೆ ಇಡೀ ಪಥ ಒಂದೇ ನೋಟಕ್ಕೆ ದಕ್ಕುವ, ಜಿಗಿತಗಳು ಒಂದರ ಹಿಂದೊಂದು ಬರುವ ಈ ಏರ್ಪಾಡು ಕ್ಯಾಮೆರಾಕ್ಕೆ ಎಷ್ಟು ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ.

ಇದಕ್ಕೊಂದು ಆಕ್ಷೇಪ ಬರಬಹುದು. ದಿಬ್ಬದ ಮೇಲೆ ನಿಂತವನು ತಾನೇ ಪಂದ್ಯವನ್ನು ಪೂರ್ಣವಾಗಿ ಕಂಡನೆ? ಇಲ್ಲ. ಅವನಿಗೂ ಕಂಡದ್ದು ಒಂದು ತಿರುವು, ಒಂದು ಏರು. ದೂರದರ್ಶನದ ವೀಕ್ಷಕನು ಅನೇಕ ಎಡೆಗಳಿಂದ ನೋಡುತ್ತಾನೆ. ಆಕ್ಷೇಪದಲ್ಲಿ ಸತ್ಯವಿದೆ. ಆದರೆ ದಿಬ್ಬದ ಮೇಲಿನವನಿಗೆ ತಾನು ಕಾಣದುದು ಬಹಳವಿದೆಯೆಂಬ ಅರಿವಿರುತ್ತದೆ. ತೆರೆಯ ಮುಂದೆ ಕುಳಿತವನಿಗೆ ಎಲ್ಲವನ್ನೂ ಕಂಡೆನೆಂಬ ಭ್ರಮೆ ಹುಟ್ಟುತ್ತದೆ. ಹದಿನೈದನೆಯ ಸ್ಥಾನದಲ್ಲಿ ಕೆಸರಿನೊಡನೆ ಹೋರಾಡುತ್ತಿರುವ ಸವಾರ ಆ ತೆರೆಯ ಮೇಲೆ ಬರುವುದು ಬಿದ್ದಾಗ ಮಾತ್ರ.

ಆದುದರಿಂದ ಇಂತಹ ಚಿತ್ರಗಳನ್ನು ಆಧಾರವಾಗಿ ಬಳಸುವ ವಿದ್ಯಾರ್ಥಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಕ್ಯಾಮೆರಾ ಎಲ್ಲಿ ನಿಂತಿದ್ದಿತು? ಅದು ಯಾವ ಮಸೂರದಿಂದ ನೋಡಿತು? ಒಂದು ದೃಶ್ಯಕ್ಕೂ ಮುಂದಿನ ದೃಶ್ಯಕ್ಕೂ ನಡುವೆ ಏನನ್ನು ಬಿಡಲಾಯಿತು? ಪಂದ್ಯದ ಸಮಯಪಟ್ಟಿ, ಪಥದ ನಕ್ಷೆ, ಸವಾರರ ನೆನಪುಗಳು ಇವುಗಳೊಡನೆ ಹೋಲಿಸಿದಾಗಲೇ ಚಿತ್ರ ಸಾಕ್ಷಿಯಾಗಬಲ್ಲುದು. ಮೋಟೋಕ್ರಾಸ್‌ಗೆ ಅನ್ವಯಿಸುವ ಈ ಎಚ್ಚರಿಕೆ ಮೆರವಣಿಗೆ, ಚುನಾವಣಾ ಸಭೆ, ಯುದ್ಧಗಳ ಚಿತ್ರಗಳಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ನಮ್ಮ ಇತಿಹಾಸ ವಿಭಾಗಗಳಲ್ಲಿ ಶಾಸನ ಪರಿಶೀಲನೆಗೆ ಕೊಡುವ ಶಿಕ್ಷಣದ ಒಂದು ಪಾಲನ್ನಾದರೂ ಚಿತ್ರ ಪರಿಶೀಲನೆಗೆ ಕೊಡುವ ಕಾಲ ಬಂದಿದೆ.